ಹೊಕ್ಕಳಿಗೆ ತುಪ್ಪ, ಸೀರೆಗೆ ವಿಭೂತಿ

ನನ್ನ ಅಕ್ಷರ ಅಂಕುಡೊಂಕು, ಪದಗಳೂ ಕಡಿಮೆ. ಹತ್ತನೆಯ ತರಗತಿಯನ್ನು ಅರ್ಧಕ್ಕೇ ಬಿಟ್ಟವಳು. ಓದುವವರು ಸ್ವಲ್ಪ ಸಹಿಸಿಕೊಳ್ಳಬೇಕು. ಆದರೆ ಸೀರೆಗೆ ಕುಚ್ಚು ಹಾಕುವುದರಲ್ಲಿ ಮಾತ್ರ ಶಿಕಾರಿಪುರದಲ್ಲಿ ನನ್ನನ್ನು ಮೀರಿಸುವವರಿಲ್ಲ! ಸೆರಗಿನ ಅಂಚಿಗೆ ರೇಷ್ಮೆ ದಾರ ಸೇರಿಸಿ ಗಂಟು ಹಾಕುತ್ತ ಕುಳಿತರೆ, ಒಂದೊಂದು ಕುಚ್ಚೂ ಒಂದೊಂದು ಹಕ್ಕಿಯ ಬಾಲದಂತೆ ಕಾಣುತ್ತದೆ. ಆ ಹಕ್ಕಿಗಳ ಹಿಂದೆ ನಾನೂ ಎಲ್ಲೋ ಹಾರಿಹೋಗಿರುತ್ತೇನೆ.

ಇಂಥ ನನಗೆ ತುಟಿ ಒಡೆಯಿತು. ಹೆಸರು ಸೌಂದರ್ಯ, ತುಟಿ ಮಾತ್ರ ಬಿರುಕುಬಿಟ್ಟ ಗದ್ದೆ! ಚಳಿಗಾಲ ಹೋದರೂ ವಾಸಿಯಾಗಲಿಲ್ಲ. ನಕ್ಕರೆ ರಕ್ತ. ಮೊದಲೇ ನನ್ನ ಮಾತು ಕಡಿಮೆ, ಆದ್ದರಿಂದ ಯಾರಿಗೂ ತಿಳಿಯಲಿಲ್ಲ. ಮೊಬೈಲಿನಲ್ಲಿ ಹುಡುಕಿದೆ. ಅದು ರಕ್ತಹೀನತೆಯಿಂದ ಹೊರಟು, ಸಕ್ಕರೆ ಕಾಯಿಲೆಯನ್ನು ಹಾದು, ಕ್ಯಾನ್ಸರಿಗೆ ಬಂದು ನಿಂತಿತು!

ಅವ್ವನಿಗೆ ಹೇಳಬಾರದು, ನನ್ನ ರೋಗವನ್ನು ನಾನೇ ಗೆಲ್ಲುತ್ತೇನೆ ಎಂದು ಶಪಥ ಮಾಡಿದೆ. ತುಟಿ ಒಡೆದರೆ ಹೊಕ್ಕಳಿಗೆ ತುಪ್ಪ ಹಚ್ಚುವುದು ನಮ್ಮ ಅಜ್ಜಿಯ ಮದ್ದು. ಹಚ್ಚಬೇಕಾದದ್ದು ಬೆರಳ ತುದಿಯಷ್ಟು. ನನ್ನದು ದೊಡ್ಡ ಕಾಯಿಲೆಯಲ್ಲವೇ? ಒಂದು ಚಮಚ ಸುರಿದುಕೊಂಡೆ! ಆಮೇಲೆ ಸೊರಬದ ಚೈತ್ರಶ್ರೀಯ ಮದುವೆ ಸೀರೆಯನ್ನು ಮಡಿಲಲ್ಲಿ ಹರಡಿಕೊಂಡು ಕೂತೆ. ಮರುದಿನವೇ ತಲುಪಿಸಬೇಕಾದ ಸೀರೆ.

ದಾರ ಹಿಡಿದೊಡನೆ ಕನಸು. ನಾನು ಸತ್ತಿದ್ದೇನೆ. ಚೈತ್ರಶ್ರೀ ಅರ್ಧ ಕುಚ್ಚಿನ ಸೀರೆಯುಟ್ಟು ಮಂಟಪದಲ್ಲಿ ಅಳುತ್ತಿದ್ದಾಳೆ. ಎಷ್ಟು ಚೆನ್ನಾಗಿ ಅಳುತ್ತಿದ್ದಾಳೆಂದರೆ, ನನಗೂ ಅಳು ಬಂತು. ಕಣ್ಣೊರೆಸಿಕೊಂಡು ನೋಡಿದರೆ, ಕೆಂಪು ರೇಷ್ಮೆಯ ಮೇಲೆ ದುಂಡನೆಯ ಕಲೆ! ತುಪ್ಪ ಕುರ್ತಾ ದಾಟಿ ಬಂದಿತ್ತು.

ಅಷ್ಟರಲ್ಲಿ ಅವ್ವ ಬಂದಳು.

"ಏನೇ ಅದು?"

"ತುಪ್ಪ."

"ಸೀರಿಗೆ ತುಪ್ಪ ಹೆಂಗ್ ಬಂತು?"

"ಹೊಕ್ಕಳಿಂದ."

"ಹೊಕ್ಕಳಿಗೆ ಯಾಕ್ ಹೋತು?"

"ತುಟಿಗೆ."

"ತಲಿಗೆ ಏನಾಗೇತಿ, ಅದನ್ನ ಹೇಳು ಮೊದ್ಲು!"

ಅತ್ತುಬಿಟ್ಟೆ. "ಅವ್ವಾ, ನಂಗೆ ದೊಡ್ಡ ಕಾಯಿಲೆ ಐತಿ. ಮೊಬೈಲ್‌ನಾಗೆ ಹಂಗೇ ಬರದೈತಿ."

ಅವ್ವ ಬೈಯಲಿಲ್ಲ. ನನಗೆ ಹೆಚ್ಚು ಭಯವಾದದ್ದು ಅದಕ್ಕೇ. ದೇವರ ಜಗಲಿಯಿಂದ ವಿಭೂತಿ ಗಟ್ಟಿ ತಂದು, ಪುಡಿಮಾಡಿ, ಕಲೆಯ ಮೇಲೆ ದಪ್ಪಗೆ ಉದುರಿಸಿದಳು.

"ನಾಳೆ ಸೀರಿ ಕೊಡಾಕ್ ಹೋದಾಗ ಸೊರಬದಾಗೇ ಡಾಕ್ಟ್ರಿಗೆ ತೋರಿಸೋಣ."

ಬೆಳಗಾಗುವಷ್ಟರಲ್ಲಿ ವಿಭೂತಿ ತುಪ್ಪವನ್ನೆಲ್ಲ ಕುಡಿದಿತ್ತು. ಸೊರಬದ ಕ್ಲಿನಿಕ್ಕಿನಲ್ಲಿ ಸರದಿ ಬರುವವರೆಗೆ ನಾನು ಉಳಿದ ಕುಚ್ಚುಗಳನ್ನು ಮುಗಿಸಿದೆ. ಒಳಗೆ ಹೋದಾಗ ಅವ್ವನೇ ಕೇಳಿದಳು:

"ಮಗಳು ಉಳೀತಾಳಲ್ರೀ, ಡಾಕ್ಟ್ರಮ್ಮಾ?"

ಡಾಕ್ಟರಮ್ಮ ನನ್ನ ತುಟಿಗೆ ಟಾರ್ಚ್ ಬಿಟ್ಟು ನೋಡಿದರು. "ಬಾಗಿಲು ತೆಗ್ದೇ ಇತ್ತು, ಆಗ್ಲಿಂದ ನೋಡ್ತಾ ಇದೀನಿ. ಒಂದೊಂದು ಕುಚ್ಚಿಗೂ ದಾರದ ತುದಿ ಬಾಯಿಗೆ ಹೋಗ್ತಿತ್ತಲ್ಲಮ್ಮಾ!"

"ಒದ್ದೆ ಮಾಡಿದ್ರೆ ಎಳೆ ಕೆದರಲ್ಲ, ಮೇಡಂ. ಸೂಜಿಗೆ ಸಲೀಸು."

"ಸೂಜಿಗೆ ಸಲೀಸಾಯ್ತು, ತುಟಿಗೆ? ಎಂಜಲು ತಾಗಿ ತಾಗಿ ಒಣಗಿದೆ, ದಾರದ ಬಣ್ಣ ಬೇರೆ. ಅದೊಂದು ಬಿಟ್ಟು ನೋಡು. ಆಗ್ಲೂ ವಾಸಿಯಾಗ್ಲಿಲ್ಲ ಅಂದ್ರೆ ಬಾ."

"ಕುಚ್ಚಿನ ಮಹಾರಾಣಿ!" ಎಂದು ಅವ್ವ ನನ್ನ ತಲೆಗೆ ಮೊಟಕಿದಳು. ಆಮೇಲೆ ಅದೇ ತಲೆಯನ್ನು ಬಹಳ ಹೊತ್ತು ಸವರಿದಳು.

ಅಲ್ಲಿಂದ ಮದುವೆ ಮನೆಗೆ ಹೋದೆವು. ಚೈತ್ರಶ್ರೀಯ ತಾಯಿ ಸೀರೆ ಬಿಡಿಸಿ ಮೂಸಿದರು. ನಾನು ಅವ್ವನ ಪಕ್ಕಕ್ಕೆ ಸರಿದೆ!

"ತುಪ್ಪದ ಘಮ, ವಿಭೂತಿ ಘಮ! ದೇವರ ಮುಂದಿಟ್ಟು, ದೀಪ ಹಚ್ಚಿ ತಂದ್ರೇನ್ರೀ?"

ನಿಜ ಹೇಳಲು ಬಾಯಿ ತೆರೆದೆ. ಅವ್ವ ಕಾಲು ತುಳಿದಳು.

"ಎಂಥಾ ಭಕ್ತಿ! ಇನ್ನೆರಡು ಸೀರೆ ಕೊಡ್ತೀನಿ. ಅವಕ್ಕೂ ಹಿಂಗೇ ಪೂಜೆ ಮಾಡಿಸ್ಬೇಕು ಮತ್ತೆ!"

ತಡೆಯಲಾಗದೆ ನಕ್ಕೆ. ತುಟಿ ಒಡೆಯಿತು.

ನಾಳೆಯಿಂದ ದಾರದ ತುದಿಯನ್ನು ಬಟ್ಟಲ ನೀರಿನಲ್ಲಿ ಅದ್ದುತ್ತೇನೆ. ಆ ಎರಡು ಸೀರೆಗಳನ್ನು ನಿಜವಾಗಿಯೂ ದೇವರ ಮುಂದಿಟ್ಟು ದೀಪ ಹಚ್ಚುತ್ತೇನೆ.