ದೊಡ್ಡಮ್ಮನ ಸ್ತೋತ್ರ, ನನ್ನ ಸ್ಕೂಟರ್

ನನ್ನ ದೊಡ್ಡಮ್ಮನಿಗೆ ಉಪಕಾರ ಮಾಡಿ ಗೆದ್ದವರು ಯಾರೂ ಇಲ್ಲ. ಮಾಡುವವರು ನಾವು, ಥ್ಯಾಂಕ್ಸ್ ಮಾತ್ರ ದೇವರಿಗೆ!

ಒಮ್ಮೆ ನರಸೀಪುರದಲ್ಲಿ, ಹೊರಟೇಬಿಟ್ಟಿದ್ದ ನಂಜನಗೂಡಿನ ಬಸ್ಸನ್ನು ಕಂಡಕ್ಟರ್ ಪಾಪ ಅವಳಿಗಾಗಿ ನಿಲ್ಲಿಸಿದನಂತೆ. ಹತ್ತಿದವಳೇ ಮೇಲೆ ನೋಡಿ, "ಸ್ತೋತ್ರ ಸ್ವಾಮಿ" ಅಂದಳಂತೆ.

"ಬಸ್ ನಿಲ್ಸಿದ್ದು ನಾನು ಕಣಮ್ಮೋ! ಮ್ಯಾಲೆ ಯಾರನ್ ನೋಡ್ತಿದ್ದೀರಿ?"

"ನೀನು ಹೆಂಗಪ್ಪ ನಿಲ್ಸಿದೆ?"

"ಸೀಟಿ ಊದಿ."

"ಸೀಟಿಗೆ ಉಸಿರು ಯಾರ್ದು?"

ಇಡೀ ಬಸ್ಸು ನಕ್ಕಿತು. ಕಂಡಕ್ಟರನ ಮುಖ ಸಪ್ಪಗಾಯಿತು. ಅದು ಇವಳಿಂದ ನೋಡಲಾದೀತೇ? "ಊಟ ಆಯ್ತೇನಪ್ಪ?" ಎನ್ನುತ್ತ, ನನಗೆಂದು ತಂದಿದ್ದ ಬುತ್ತಿಯನ್ನು ಅವನ ಕೈಗಿಟ್ಟಳು. ಬರಿಗೈಯಲ್ಲಿ ನಂಜನಗೂಡಿನ ನನ್ನ ಬಾಡಿಗೆ ಕೋಣೆಗೆ ಬಂದು ಇಷ್ಟೆಲ್ಲ ವರದಿ ಒಪ್ಪಿಸಿದಳು. ಆ ದಿನ ನಾನು ಒಣ ಬ್ರೆಡ್ ತಿಂದೆ. ಯಾರಿಗೂ ಥ್ಯಾಂಕ್ಸ್ ಹೇಳಲಿಲ್ಲ!

ಭಾನುವಾರ ಅವಳನ್ನು ನೋಡಲು ನರಸೀಪುರಕ್ಕೆ ಹೋದರೆ ಚರ್ಚಿಗೂ ಎಳೆದೊಯ್ಯುತ್ತಿದ್ದಳು. ನಾನೋ ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರ ಓದಿ, ತಾಂಡ್ಯದ ಕಾರ್ಖಾನೆಯೊಂದರ ಲ್ಯಾಬಿನಲ್ಲಿದ್ದುಕೊಂಡು, ಪರೀಕ್ಷೆಗೆ ಸಿಗದ್ದನ್ನು ನಂಬದವನು. ಹಿಂದಿನ ಬೆಂಚು ನನ್ನದು. ಅಲ್ಲಿ ಸಾಕ್ಷಿ ಹೇಳುವ ಹೊತ್ತು ಅಂತ ಒಂದಿದೆ. ವಾರದಲ್ಲಿ ಆದ ಒಳಿತಿಗೆ ಯಾರು ಬೇಕಾದರೂ ಎದ್ದು ನಿಂತು ಸ್ತೋತ್ರ ಸಲ್ಲಿಸಬಹುದು. ಎಲ್ಲರೂ ತಮ್ಮ ಒಳಿತಿಗೆ ಸಲ್ಲಿಸಿದರೆ ದೊಡ್ಡಮ್ಮ ನನ್ನದಕ್ಕೆ!

"ನನ್ನ ತಂಗಿ ಮಗನ ಸ್ಕೂಟರ್ ಸ್ಟಾರ್ಟ್ ಆಗಿದ್ದಕ್ಕೆ ಸ್ತೋತ್ರ." "ಅವನ ಕುರು ಒಡೆದಿದ್ದಕ್ಕೆ ಸ್ತೋತ್ರ." ಎಲ್ಲಿಯ ಕುರು ಎಂಬುದನ್ನೂ ಹೇಳಿದಳೆಂದೇ ನನ್ನ ನೆನಪು, ನೆನಪು ಸುಳ್ಳಾಗಲಿ! "ಅವನನ್ನ ಒಲ್ಲೆ ಅಂದ ಹುಡುಗಿಗೋಸ್ಕರ ಸ್ತೋತ್ರ. ಒಳ್ಳೇ ಕಡೆ ಸೇರ್ಕೊಂಡ್ಲು."

"ಊರ ಮುಂದೆ ನನ್ನ ಮಾನ ಯಾಕೆ ಕಳೀತೀಯ ದೊಡ್ಡಮ್ಮ?"

"ನೀನಂತೂ ಹೇಳಲ್ಲ. ನಿನ್ ಪರವಾಗಿ ಹೇಳೋಕೆ ಇನ್ಯಾರವ್ರೆ ಮಗ?"

ಇನ್ಯಾರಿದ್ದಾರೆಂದು ಲೆಕ್ಕ ಹಾಕುತ್ತಲೇ ಸ್ಕೂಟರಿಗೆ ಕಿಕ್ ಹೊಡೆದೆ.

ಒಮ್ಮೆ ಜ್ವರ ಬಂದು ಕೋಣೆಯಲ್ಲಿ ಒಬ್ಬನೇ ಬಿದ್ದಿದ್ದೆ. ಯಾರಿಗೂ ತಿಳಿಸಿರಲಿಲ್ಲ. ನರ್ಸ್ ಕೆಲಸದಿಂದ ನಿವೃತ್ತಳಾಗಿದ್ದ ದೊಡ್ಡಮ್ಮ ಗಂಜಿ ಹಿಡಿದು ಬಂದು, ಹಣೆಯ ಮೇಲೆ ಕೈಯಿಟ್ಟಳು. ಇಟ್ಟಳೇ? ಕಾದ ತಲೆ ಏನು ಬೇಕಾದರೂ ಕಟ್ಟಿಕೊಳ್ಳುತ್ತದೆ. ಕೈ ತಣ್ಣಗಿತ್ತು ಎಂಬುದಷ್ಟೇ ಉಳಿದಿದೆ. ಕೇಳಿ ಖಚಿತಪಡಿಸಿಕೊಳ್ಳೋಣ ಎಂದರೆ ಈಗ ಅವಳಿಲ್ಲ. ಈ ಮಳೆಗಾಲದಲ್ಲಿ ಹೊರಟುಹೋದಳು. ಅಂದಿನಿಂದ ನನ್ನ ಮಾನಕ್ಕೆ ಯಾವ ಅಪಾಯವೂ ಇಲ್ಲ. ಕುರು ಎದ್ದರೂ ಒಡೆದರೂ ಗುಟ್ಟಾಗಿಯೇ ಇರುತ್ತದೆ.

ಕಳೆದ ಭಾನುವಾರ ಸ್ಕೂಟರ್ ಹತ್ತಿ ನರಸೀಪುರಕ್ಕೆ ಹೋದೆ. ಯಾಕೆಂದು ಕೇಳಬೇಡಿ. ಅದೇ ಹಿಂದಿನ ಬೆಂಚಿನಲ್ಲಿ ಕೂತೆ. ಸಾಕ್ಷಿ ಹೇಳುವ ಹೊತ್ತು ಬಂದಾಗ ಎಲ್ಲರ ಕತ್ತೂ ಅಭ್ಯಾಸಬಲದಿಂದ ಅವಳ ಜಾಗದತ್ತ ತಿರುಗಿತು. ಅಲ್ಲಿ ಬರೀ ಬೆಂಚು.

"ಯಾರಾದ್ರೂ ಇದ್ದೀರಾ?" ಎಂದರು ಪಾದ್ರಿಗಳು.

ಎದ್ದು ನಿಂತವನು ನಾನೇ ಎಂದು ತಿಳಿಯಲು ತುಸು ಹೊತ್ತು ಹಿಡಿಯಿತು. ಈಗ ಯಾರಿಗೆಂದು ಹೇಳುವುದು? ಮೇಲೆ ನೋಡಿ ಅಭ್ಯಾಸವಿಲ್ಲ. ಆ ಖಾಲಿ ಜಾಗವನ್ನೇ ನೋಡುತ್ತ ಹೇಳಿದೆ:

"ದೊಡ್ಡಮ್ಮ, ಸ್ಕೂಟರ್ ಸ್ಟಾರ್ಟ್ ಆಯ್ತು."