ಖಳನಾಯಕ ಯಾವ ಕಡೆಯ ಅಂಕಲ್?

ನಮ್ಮ ಕಾಕಾ ಒಂದು ಸಾಮ್ರಾಜ್ಯದ ಯುದ್ಧ ತಪ್ಪಿಸಿದವರು ಎಂದರೆ ನೀವು ನಂಬುವುದಿಲ್ಲ. ಆ ಸಾಮ್ರಾಜ್ಯ ಭೂಮಿಯ ಮೇಲೆ ಇರಲೇ ಇಲ್ಲ ಎಂದರೆ ಇನ್ನೂ ನಂಬುವುದಿಲ್ಲ. ಅದನ್ನು ಅವರು ಆಳುತ್ತಿದ್ದದ್ದು ಬೆಂಗಳೂರಿನ ಕಗ್ಗದಾಸಪುರದ ಬ್ರೌಸಿಂಗ್ ಸೆಂಟರಿನ ಮೂಲೆಯ ಗೂಡಿನಿಂದ ಎಂದ ಮೇಲಂತೂ ಕೇಳುವುದೇ ಬೇಡ!

ಎರಡು ಸಾವಿರದ ಇಸವಿ ದಾಟಿದ ಹೊಸತು. ಕಾಕಾ ಎಂದರೆ ನನ್ನ ಅಪ್ಪನ ತಮ್ಮ. ರಾಯಚೂರು ಕಡೆಯಿಂದ ಬಂದು ವಿಮಾನಪುರದ ಹತ್ತಿರದ ಸಣ್ಣ ವರ್ಕ್‌ಶಾಪಿನಲ್ಲಿ ಸ್ಟೋರ್ ನೋಡಿಕೊಳ್ಳುತ್ತಿದ್ದರು. ಅಪ್ಪ ಇಲ್ಲದ ನನ್ನನ್ನು ಓದಿಸಿದವರು ಅವರೇ. ನಮ್ಮ ಮನೆತನದ ಮೊದಲ ಬಿ.ಎ. ನಾನು, ಹಾಗಾಗಿ ಇಂಗ್ಲಿಷಿನ ತಕರಾರುಗಳಿಗೆಲ್ಲ ನಾನೇ ಹೈಕೋರ್ಟು. ಬಾಡಿಗೆಯ ರೂಮಿನಲ್ಲಿ ಕಾಕಾ, ಕಾಕಿ, ಕೆಲಸ ಹುಡುಕುತ್ತಿದ್ದ ನಾನು. ಜೊತೆಗೆ ಶಿವಾಜಿನಗರದ ಹಳೆ ಪುಸ್ತಕದಂಗಡಿಯಿಂದ ಒಂದೊಂದಾಗಿ ಬಂದು ಮಂಚದ ಕೆಳಗೆ ಸೇರಿದ ಇಂಗ್ಲಿಷ್ ಮಾಯಾಲೋಕದ ಕಾದಂಬರಿಮಾಲೆ.

ನಿಘಂಟು ಹಿಡಿದು ಓದಿದ್ದೇನೋ ಸರಿ, ಓದಿದ್ದನ್ನು ಯಾರ ಹತ್ತಿರ ಆಡುವುದು? ವರ್ಕ್‌ಶಾಪಿನವರಿಗೆ ಡ್ರ್ಯಾಗನ್ ಎಂದರೆ ಗೋಬಿ ಮಂಚೂರಿ ಗಾಡಿಯ ಬೋರ್ಡು! ಕೊನೆಗೆ ಇಂಟರ್‌ನೆಟ್ಟಿನಲ್ಲಿ ಯಾವ ಯಾವುದೋ ದೇಶದ ನಾಲ್ವರು ಸಿಕ್ಕರು. ಎಲ್ಲರೂ ಕೂಡಿ ಆ ಕಾದಂಬರಿಗಳ ಲೋಕದಲ್ಲಿ ಒಂದು ಆಟ ಕಟ್ಟುವುದೆಂದಾಯಿತು. ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಅದರ ಮಾತು ಬರೆಯುತ್ತಾ ಹೋಗುವುದು. ಬಯಲಾಟವೇ ಅನ್ನಿ, ಆದರೆ ಬಣ್ಣವಿಲ್ಲ, ಗೆಜ್ಜೆಯಿಲ್ಲ, ನೋಡುವವರೂ ಇಲ್ಲ.

ಕಥೆಯ ಯೋಜನೆ ಕಾಕಾನ ಪಾಲಿಗೆ ಬಂತು. ಅಂದಿನಿಂದ ಅವರ ನೆಮ್ಮದಿ ಹೋಯಿತು. ಕಾರಣ ಒಂದೇ ಪದ. ಕಾದಂಬರಿಯ ಖಳರಾಜ ನಾಯಕನಿಗೆ ‘ಅಂಕಲ್’ ಆಗಬೇಕಂತೆ.

“ಅಂಕಲ್ ಅಂದ್ರ ಯಾರವ್ವಾ? ಕಾಕಾನೋ, ಸೋದರಮಾವನೋ?”

“ಇಂಗ್ಲಿಷಿನಾಗ ಇಬ್ರೂ ಒಂದೇ, ಕಾಕಾ.”

“ಹೆಂಗ ಒಂದೇ ಆಗ್ತಾರ? ಕಾಕಾ ಇದ್ರ ಹೊಲದ ಜಗಳ, ಯುದ್ಧ ಆಗಬೇಕಾದ್ದೇ. ಸೋದರಮಾವ ಇದ್ರ ಹೆಣ್ಣು ಕೊಡೋ ಸಂಬಂಧ! ಇವತ್ತ ಮಾವನ ಮ್ಯಾಲ ಕತ್ತಿ ಎತ್ತಿದ್ರ ನಾಳೆ ಮದುವ್ಯಾಗ ಅಕ್ಕಿಕಾಳು ಹಾಕಲಿಕ್ಕೆ ಯಾರ ಬರ್ತಾರ?”

ನನ್ನ ಬಿ.ಎ. ಅಲ್ಲಿಗೆ ಮುಗಿಯಿತು.

ಕಾಕಾ ಸೊರಗಿದರು. ಕೆ.ಆರ್. ಪುರಕ್ಕೆ ಹೋಗುವ ಬಸ್ಸಿನಲ್ಲಿ, ಸ್ಟಾಪು ದಾಟಿ ಹೋದ ಮೇಲೆ, “ಆ ರಾಜಗ ತಂಗಿ ಇದ್ಲೇನು?” ಎಂದು ಎದ್ದು ನಿಂತರು. ಕಂಡಕ್ಟರಿಗೆ ಏನು ಗೊತ್ತು ಪಾಪ! ಕಾಕಿಯಂತೂ, “ಮನ್ಯಾಗ ಗ್ಯಾಸ್ ತೀರ್ಯಾದ, ನಿಮಗ ರಾಜನ ತಂಗಿ ಚಿಂತಿ!” ಎಂದು ಚುಚ್ಚಿದರು.

ಕಡೆಗೂ ಕಾಕಾ ತೀರ್ಪು ಕೊಟ್ಟರು: ಸೋದರಮಾವನೇ. ನಾಯಕನಿಗೆ ಖಳರಾಜನ ಮಗಳನ್ನು ಕೊಟ್ಟು ಮದುವೆ ಮಾಡಿ, ಯುದ್ಧ ರದ್ದು ಮಾಡಿ, ಯೋಜನೆ ಕಳಿಸಿಯೇಬಿಟ್ಟರು!

ಅತ್ತಲಿಂದ ಬಂದದ್ದು ಬೆಂಕಿ. ಅಣ್ಣತಂಗಿಯಂಥವರಿಗೆ ಮದುವೆಯೇ? ಛೀ! ಇಂಥವರನ್ನು ಆಟದಲ್ಲಿ ಇಟ್ಟುಕೊಳ್ಳಬೇಕೋ ಬೇಡವೋ ಎಂದು ಭಾನುವಾರ ಚಾಟ್‌ನಲ್ಲಿ ತೀರ್ಮಾನವಂತೆ.

“ಏನಂತಾರ ಅವರು?” ಕಾಕಿ ಕೇಳಿದರು.

“ಸೋದರಮಾವನ ಮಗಳನ್ನ ಮಾಡ್ಕೊಳ್ಳೋದು ಪಾಪ ಅಂತಾರ,” ಎಂದೆ.

ರೊಟ್ಟಿ ಬಡಿಯುತ್ತಿದ್ದ ಕೈ ನಿಂತಿತು. ಕಾಕಿ ಸ್ವತಃ ಕಾಕಾನ ಸೋದರಮಾವನ ಮಗಳು! “ಹಂಗಾದ್ರ ನಾ ಯಾರು?” ಎಂದರು. ಮಾಯಾಲೋಕದಲ್ಲಿ ತಪ್ಪಿಸಿದ ಯುದ್ಧ ನಮ್ಮ ರೂಮಿನಲ್ಲೇ ಶುರುವಾಗುವುದರಲ್ಲಿತ್ತು.

ಭಾನುವಾರ ನಾನು ಕೀಬೋರ್ಡಿನ ಮುಂದೆ, ಪಕ್ಕದಲ್ಲಿ ಕಾಕಾ. ಅವರ ಅಂಗಿ ಬೆವರಿನಿಂದ ಬೆನ್ನಿಗೆ ಅಂಟಿತ್ತು.

“ತಗದುಬಿಟ್ರ, ಈ ಪುಸ್ತಕದ ಮಾತು ಯಾರ ಮುಂದ ಆಡ್ಲವ್ವಾ?”

ನಾಲ್ಕೇ ಜನ ಇದ್ದರು ಅವರಿಗೆ, ಇಡೀ ಜಗತ್ತಿನಲ್ಲಿ.

“ನನ್ನ ಹೇಣ್ತಿನೂ ಸೋದರಮಾವನ ಮಗಳೇ ಅಂತ ಬರಿ, ತಿಳೀತದ ಅವರಿಗೆ,” ಎಂದರು. ಬರೆದ ಹಾಗೆ ಮಾಡಿ ಅಳಿಸಿಬಿಟ್ಟೆ; ಓದಿದ್ದರೆ ಅವರು ಇನ್ನೂ ಹೌಹಾರುತ್ತಿದ್ದರು! ಅದರ ಬದಲು ಪರೀಕ್ಷೆಯಲ್ಲಿ ಬರೆದಷ್ಟು ಶ್ರದ್ಧೆಯಿಂದ ಬರೆದೆ: ನಮ್ಮಲ್ಲಿ ಅಂಕಲ್ ಎಂಬವನೇ ಇಲ್ಲ. ದೊಡ್ಡಪ್ಪ ಬೇರೆ, ಕಾಕಾ ಬೇರೆ, ಸೋದರಮಾವ ಬೇರೆ. ಕಾಕಾನ ಮಗಳು ತಂಗಿ, ಸೋದರಮಾವನ ಮಗಳು ತಂಗಿಯಲ್ಲ. ಯಾರು ಯಾರಿಗೆ ಏನಾಗಬೇಕೆಂದು ತಿಳಿಯದೆ ನಾವು ಜಗಳವನ್ನೂ ಶುರುಮಾಡುವುದಿಲ್ಲ.

ಕಳಿಸಿದೆ. ಪರದೆ ಸುಮ್ಮನೆ ಮಿಟುಕುತ್ತಿತ್ತು.

“ಏನ್ ಸಾರ್, ಇವತ್ತೂ ಯುದ್ಧ ಇಲ್ವಾ?” ಸೆಂಟರಿನವನು ಗಲ್ಲಾದಿಂದಲೇ ಕೂಗಿದ.

ಆಮೇಲೆ ಒಂದು ಸಾಲು ಮೂಡಿತು. ಆ ನಾಲ್ವರಲ್ಲಿ ಎಂದೂ ಹೆಚ್ಚು ಮಾತಾಡದವನು ಬರೆದಿದ್ದ: ‘ನನಗೆ ಯಾವ ಬಗೆಯ ಅಂಕಲ್ಲೂ ಇಲ್ಲ. ನನ್ನ ಪಾತ್ರಕ್ಕಾದರೂ ಒಬ್ಬರನ್ನು ಕೊಡುತ್ತೀರಾ?’ ಅದರ ಹಿಂದೆಯೇ ಇನ್ನೊಬ್ಬಳು: ‘ನನಗೂ. ಮದುವೆಯ ಮಾತು ಆಮೇಲೆ ನೋಡೋಣ.’

ಕಾಕಾ ಕುರ್ಚಿಯಿಂದ ಅರ್ಧ ಎದ್ದರು. ಕೂತರು. ಕಣ್ಣು ಒರೆಸಿಕೊಂಡರು.

“ನೀವೇ ಅಂಕಲ್ ಆಗ್ರಿ ಇವರಿಗೆ,” ಎಂದೆ. “ಕಾಕಾ ಅಂತ ಹಾಕ್ಲೇನು?”

ಅವರು ಚಟ್ಟನೆ ನನ್ನ ಕೈ ಹಿಡಿದರು.

“ಬ್ಯಾಡವ್ವಾ. ಸೋದರಮಾವ ಅಂತ ಹಾಕು. ಕಾಕಾ ಖಾಲಿ ಇಲ್ಲ. ಅದು ನಿನಗ ಕೊಟ್ಟದ್ದು.”