ಏನೂ ನಡೆಯದ ಆಟ

ಏನಾದರೂ ನಡೆಯಲಿ ಎಂದು ಹರಕೆ ಹೊರುವವರನ್ನು ಬೇಕಾದಷ್ಟು ಕಂಡಿದ್ದೇನೆ. ಮಗಳ ಮದುವೆ ನಡೆಯಲಿ, ನಿಂತುಹೋದ ಮನೆ ಕೆಲಸ ನಡೆಯಲಿ, ಹೀಗೆ. ಆದರೆ ಏನೂ ನಡೆಯದೇ ಇರಲಿ ಎಂದು ಚಾಮುಂಡಿಗೆ ತೆಂಗಿನಕಾಯಿ ಹೇಳಿಕೊಂಡ ಮನುಷ್ಯ ಇಡೀ ಮೈಸೂರಿನಲ್ಲಿ ಒಬ್ಬರೇ. ಅವರು ನಮ್ಮ ಚಿಕ್ಕಪ್ಪ!

ಐವತ್ತರ ದಶಕದ ಮಾತು. ಕೃಷ್ಣಮೂರ್ತಿಪುರಂನಲ್ಲಿ ಮನೆ, ಸರ್ಕಾರಿ ಕಚೇರಿಯಲ್ಲಿ ಗುಮಾಸ್ತೆ ಕೆಲಸ, ಹಣೆಗೆ ನಾಮ, ತಲೆಗೆ ಟೋಪಿ. ಎಲ್ಲ ಸರಿಯಾಗಿಯೇ ಇತ್ತು. ಅಷ್ಟರಲ್ಲಿ ಊರಿಗೆ ಒಬ್ಬ ಅಮೆರಿಕನ್ ವ್ಯಾಯಾಮ ಶಿಕ್ಷಕ ಬಂದ. ವರ್ಷವಿದ್ದು, ಚಿಕ್ಕಪ್ಪನಿಗೆ ಬೇಸ್‌ಬಾಲ್ ಹುಚ್ಚು ಹಿಡಿಸಿ, ಒಂದು ದಾಂಡು, ನಾಲ್ಕಾರು ಚೆಂಡು, ಒಂದು ರಾಶಿ ಚರ್ಮದ ಕೈಗವಸು ಬಿಟ್ಟು ಹೊರಟುಹೋದ. ಅವನು ಹೋದರೂ ಹುಚ್ಚು ಹೋಗಲಿಲ್ಲ.

ಆ ಆಟದಲ್ಲಿ 'ಪರ್ಫೆಕ್ಟು' ಎಂಬುದೊಂದಿದೆ. ಎದುರು ಪಕ್ಷದ ಒಂಬತ್ತು ಜನ ಸರದಿಯ ಮೇಲೆ ದಾಂಡು ಹಿಡಿದು ಇಪ್ಪತ್ತೇಳು ಸಲ ಬರಬೇಕು, ಇಪ್ಪತ್ತೇಳು ಸಲವೂ ಔಟಾಗಿ ಹೋಗಬೇಕು. ಒಬ್ಬನೂ ಮೊದಲನೇ ಬೇಸನ್ನು ಮುಟ್ಟಬಾರದು. ನಮ್ಮ ಬೇಸೆಂದರೆ ಹೊಡೆದವನು ಓಡಿ ಮುಟ್ಟಬೇಕಾದ, ಮಡಚಿ ಹಾಸಿದ ಗೋಣಿತಾಟು. ಅವನು ಚೆನ್ನಾಗಿ ಹೊಡೆದು ಮುಟ್ಟಿದರೂ ಕೆಟ್ಟಿತು, ನಮ್ಮವರು ಚೆಂಡು ಕೈಬಿಟ್ಟದ್ದರಿಂದ ಮುಟ್ಟಿದರೂ ಕೆಟ್ಟಿತು, ಎಸೆಯುವವನ ಗುರಿ ತಪ್ಪಿ ಮುಟ್ಟಿದರೂ ಕೆಟ್ಟಿತು. ಅಮೆರಿಕದಲ್ಲೇ ಅದುವರೆಗೆ ಇದನ್ನು ಸಾಧಿಸಿದ ಘಟಾನುಘಟಿಗಳನ್ನು ಎಣಿಸಲು ಎರಡು ಕೈಯ ಬೆರಳು ಹೆಚ್ಚಾಗುತ್ತಿತ್ತಂತೆ. ಚಿಕ್ಕಪ್ಪ ಚೆಂಡು ಎಸೆಯುವವರು. ಸಾಯುವುದರೊಳಗೆ ಒಂದು ಪರ್ಫೆಕ್ಟು ಎಸೆಯಬೇಕೆಂಬುದೇ ಅವರ ಜೀವನದ ಆಸೆ.

"ಅಲ್ಲಾ ಕಣ್ರೀ, ಬಂದೋರನ್ನೆಲ್ಲ ಬಂದ ಹಾಗೇ ವಾಪಸ್ ಕಳಿಸೋದೂ ಒಂದು ಆಟವೇ?" ಎಂದು ಚಿಕ್ಕಮ್ಮ ಕೇಳುತ್ತಿದ್ದರು.

"ಅದೇ ಕಷ್ಟ ಕಣೇ. ಒಬ್ಬರೂ ಒಳಕ್ಕೆ ಬರಬಾರದು."

"ಹಾಗಾದ್ರೆ ಮೊದ್ಲು ನಿಮ್ಮ ನೆಂಟರ ಮೇಲೆ ಅಭ್ಯಾಸ ಮಾಡಿ."

ಆ ನೆಂಟರ ಪೈಕಿ ನಾನೇ ಮೊದಲಿಗ. ಬಿ.ಎ. ಮುಗಿಸಿ, ಕೆಲಸ ಹುಡುಕುವ ನೆಪದಲ್ಲಿ ಅವರ ಮನೆಯ ನಡುಮನೆಯಲ್ಲಿ ಬಿದ್ದುಕೊಂಡಿದ್ದೆ. ಉಂಡ ಅನ್ನದ ಋಣಕ್ಕೆ ಮೊದಲನೇ ಬೇಸಿನ ಕಾವಲು ನನ್ನ ಪಾಲಿಗೆ ಬಂತು.

ಹುಚ್ಚು ಮೈದಾನದಲ್ಲೇ ನಿಂತಿದ್ದರೆ ಯಾರಿಗೇನು ತೊಂದರೆ? ಬಂಧುಗಳ ಮದುವೆಯಲ್ಲಿ ಬಡಿಸುವ ಉಸ್ತುವಾರಿ ವಹಿಸಿಕೊಂಡು 'ಪರ್ಫೆಕ್ಟು ಪಂಕ್ತಿ' ನಡೆಸಲು ಹೊರಟರು. ಊಟ ಮುಗಿಯುವವರೆಗೆ ಯಾರೂ ಬಾಯಿಬಿಟ್ಟು ಏನನ್ನೂ ಕೇಳಬಾರದು, ಕೇಳುವ ಮೊದಲೇ ಎಲೆಗೆ ಬಿದ್ದಿರಬೇಕು. ಸಾರು ದಾಟಿತು, ಹೋಳಿಗೆ ದಾಟಿತು. ಮಜ್ಜಿಗೆಗೆ ಬಂದಾಗ ಕೊನೆಯ ಎಲೆಯ ಒಬ್ಬ ಮುದುಕರು ಬಹಳ ಸಂಕೋಚದಿಂದ "ಸ್ವಲ್ಪ ಉಪ್ಪು" ಎಂದುಬಿಟ್ಟರು. ಚಿಕ್ಕಪ್ಪ ಸೌಟು ಕೆಳಗಿಟ್ಟು ಕಂಬಕ್ಕೊರಗಿ ಕೂತರು. ವಧುವಿನ ತಂದೆ ಹೆಣ್ಣು ಕಳಿಸಿಕೊಡುವ ದುಃಖವನ್ನು ಮರೆತು ಇವರನ್ನು ಸಮಾಧಾನ ಮಾಡಬೇಕಾಯಿತು.

ಪ್ರತಿ ಭಾನುವಾರ ಸರಸ್ವತಿಪುರಂನ ಬಯಲಿನಲ್ಲಿ ಅಲ್ಲಿಯ ತಂಡದ ಜೊತೆ ನಮ್ಮ ಪಂದ್ಯ. ನಮ್ಮ ತಂಡದ ಹುಲಿಯೆಂದರೆ ಹೋಟೆಲ್ ಸಪ್ಲೈಯರ್ ಸಿದ್ದಪ್ಪ. ಸುಡುವ ಕಾಫಿ ಲೋಟಗಳನ್ನೇ ಬೆರಳ ತುದಿಯಲ್ಲಿ ಹಿಡಿಯುವವನಿಗೆ ಚೆಂಡು ಯಾವ ಲೆಕ್ಕ? ಆದರೂ ಒಂದು ದಿನ, ಕೈಗೇ ಬರುತ್ತಿದ್ದ ಚೆಂಡನ್ನು ಬಿಟ್ಟು ಎರಡೂ ಕೈ ಜೋಡಿಸಿ ನಿಂತ. ಬಯಲಿನಾಚೆ ಅವನ ಸಾಹುಕಾರರು ಸೈಕಲ್ಲಿನಲ್ಲಿ ಹೋಗುತ್ತಿದ್ದರು. "ಏನ್ಸಾರ್ ಮಾಡ್ಲಿ, ನೋಡಿಬುಟ್ರು" ಎಂದ. ಪರ್ಫೆಕ್ಟು ಹೋಯಿತು.

ಇನ್ನೊಂದು ನಿಯಮವಿತ್ತು. ಪರ್ಫೆಕ್ಟು ಹತ್ತಿರವಾಗುತ್ತಿದ್ದರೆ ಎಸೆಯುವವನನ್ನು ಯಾರೂ ಮಾತಾಡಿಸಬಾರದು, ದೃಷ್ಟಿಯಾಗುತ್ತದೆ. ಇದು ಅಮೆರಿಕದವರ ನಂಬಿಕೆಯೇ ಅಂತೆ, ನಮ್ಮದಲ್ಲ. ಆದರೆ ಮೈಸೂರಿನಲ್ಲಿ ಎಂಟು ಜನ ಸೇರಿ ಒಬ್ಬರನ್ನು ಮಾತಾಡಿಸದೇ ಇದ್ದರೆ ಏನರ್ಥ? ದಾರಿಯಲ್ಲಿ ಹೋಗುತ್ತಿದ್ದ ಪಕ್ಕದ ಮನೆಯ ನಿವೃತ್ತ ಅಮಲ್ದಾರರು ನೋಡಿದರು, ಮನಸ್ಸು ತಡೆಯಲಿಲ್ಲ, ಕೊಡೆ ಮಡಚಿ ಮೈದಾನದ ನಡುವಿಗೇ ಬಂದರು. "ಏನೇ ಮನಸ್ತಾಪ ಇದ್ರೂ ಕೂತು ಮಾತಾಡಿ ಬಗೆಹರಿಸ್ಕೋಬೇಕಪ್ಪ" ಎಂದು ಚಿಕ್ಕಪ್ಪನ ಕೈ ಹಿಡಿದು ಒಬ್ಬೊಬ್ಬರ ಹತ್ತಿರವೂ ಕರೆದೊಯ್ದು ರಾಜಿ ಮಾಡಿಸಿದರು. ಮರಳಿ ಆಟ ಶುರುವಾದಾಗ ಮೊದಲ ಚೆಂಡನ್ನೇ ಎದುರಿನವನು ಬಾರಿಸಿದ.

ಆ ವರ್ಷ ಚಿಕ್ಕಮ್ಮನ ತಾಯಿ ತೀರಿಕೊಂಡರು. ಚಿಕ್ಕಮ್ಮನ ತಂದೆಯನ್ನು, ನಾನು ತಾತ ಎನ್ನುತ್ತಿದ್ದೆ, ಮನೆಗೇ ಕರೆತಂದು ಇಟ್ಟುಕೊಂಡಿದ್ದರು. ತಾತ ಜಗುಲಿ ಬಿಟ್ಟು ಇಳಿಯುತ್ತಿರಲಿಲ್ಲ, ಕೇಳಿದ್ದಕ್ಕೆ 'ಹೂಂ' ಬಿಟ್ಟರೆ ಮಾತಿಲ್ಲ. ಒಂದು ಭಾನುವಾರ ಚಿಕ್ಕಮ್ಮ ಹಟ ಹಿಡಿದು ಅವರನ್ನು ಪಂದ್ಯಕ್ಕೆ ಕರೆತಂದು, ಹೊಂಗೆ ಮರದ ಕೆಳಗೆ ಕೂರಿಸಿದರು.

ಅವತ್ತೇ ಚಿಕ್ಕಪ್ಪನ ಮೈಮೇಲೆ ದೇವರು ಬಂದದ್ದು! ಬಂದವರೆಲ್ಲ ಔಟು. ಸಾಹುಕಾರರೂ ಹಾಯಲಿಲ್ಲ, ಅಮಲ್ದಾರರೂ ಬರಲಿಲ್ಲ. ಇಪ್ಪತ್ತಾರು ಮುಗಿದು ಒಂದೇ ಒಂದು ಉಳಿಯಿತು. ನೋಡಿದರೆ ಎದುರು ಪಕ್ಷದ ಸರದಿಯ ಕೊನೆಯ ಆಟಗಾರ ನಾಪತ್ತೆ. ಮನೆಗೆ ಬೀಗರು ಬಂದರೆಂದು ಎದ್ದುಹೋಗಿದ್ದ. ಅವರ ನಾಯಕ ಸುತ್ತ ನೋಡಿ, ಹೇಗೂ ಸೋತಾಯಿತೆಂದು, "ತಾತ, ನೀವೇ ಬನ್ನಿ" ಎಂದು ನಗುತ್ತ ಕರೆದ. ತಾತ ಎದ್ದೇಬಿಟ್ಟರು. ಕಚ್ಚೆಪಂಚೆ ಬಿಗಿಮಾಡಿ, ಒನಕೆ ಹಿಡಿದಂತೆ ದಾಂಡು ಹಿಡಿದು ನಿಂತರು.

ಇನ್ನೇನು, ಪರ್ಫೆಕ್ಟು ಕೈಗೆ ಬಂದ ಹಾಗೆಯೇ. ಮೊದಲ ಚೆಂಡಿಗೆ ತಾತ ಬೀಸಿದರು, ತಗಲಲಿಲ್ಲ. ಎರಡನೆಯದಕ್ಕೂ ಅಷ್ಟೇ, ಮೂರನೆಯದೂ ತಪ್ಪಿದರೆ ಔಟು. ಮೂರನೆಯದಕ್ಕೆ ಕಣ್ಣು ಮುಚ್ಚಿಕೊಂಡು ಬೀಸಿದರು, ತಗಲಿಬಿಟ್ಟಿತು! ಚೆಂಡು ತೆವಳಿಕೊಂಡು ಚಿಕ್ಕಪ್ಪನ ಕಾಲ ಬಳಿಗೇ ಬಂತು.

"ಓಡಿ ತಾತ, ಓಡಿ" ಎಂದು ಆ ಪಕ್ಷ ಕೂಗಿತು. ತಾತ ಓಡಿದರು. ಚಿಕ್ಕಪ್ಪ ಚೆಂಡು ಎತ್ತಿಕೊಂಡರು. ತಾತನಿಗಿಂತ ಮೊದಲು ಅದು ನನ್ನ ಕೈಸೇರಿದರೆ ಸಾಕಿತ್ತು.

"ಚಿಕ್ಕಪ್ಪ, ಎಸೀರಿ" ಎಂದು ಗೋಣಿತಾಟಿನ ಮೇಲೆ ನಿಂತು ನಾನು ಅರಚಿದೆ.

ಅರ್ಧ ದಾರಿಯಲ್ಲಿ ತಾತನ ಕಚ್ಚೆ ಬಿಚ್ಚಿ ಕಾಲಿಗೆ ಸುತ್ತಿಕೊಂಡಿತು, ಮುಗ್ಗರಿಸಿ ಮಂಡಿಯೂರಿದರು. ಚಿಕ್ಕಪ್ಪ ಓಡಿಬಂದು ಅವರ ತೋಳು ಹಿಡಿದು ಎಬ್ಬಿಸಿ, ಪಂಚೆಯ ಮಣ್ಣು ಕೊಡವಿ, ಮೆಲ್ಲಗೆ ನಡೆಸಿಕೊಂಡು ಬಂದು ಗೋಣಿತಾಟಿನ ಮೇಲೆ ನಿಲ್ಲಿಸಿದರು.

ಸಿದ್ದಪ್ಪ ಕುಣಿದಾಡಿದ. "ಚೆಂಡು ಕೈಲಿಟ್ಕೊಂಡು ಮುಟ್ಟಿದ್ರಲ್ಲ ಸಾರ್, ಔಟು! ಪರ್ಫೆಕ್ಟು!"

ನಿಯಮ ಅವನು ಹೇಳಿದ ಹಾಗೆಯೇ ಇತ್ತು. ಚಿಕ್ಕಪ್ಪ ಎರಡೂ ಅಂಗೈ ತೋರಿಸಿದರು, ಖಾಲಿ. ಚೆಂಡು ಅಲ್ಲಿ ಹುಲ್ಲಿನ ಮೇಲಿತ್ತು. ಜಾರಿ ಬಿದ್ದದ್ದಲ್ಲ, ನಾನು ಕಣ್ಣಾರೆ ಕಂಡಿದ್ದೆ. ತಾತ ಬಿದ್ದೊಡನೆ ಅವರು ಮೊದಲು ಬಗ್ಗಿ ಚೆಂಡನ್ನು ನೆಲದ ಮೇಲಿಟ್ಟು, ಆಮೇಲೆ ಓಡಿದ್ದರು.

"ಈಗ ನಾನು ಗೆದ್ದೆನೋ ಸೋತೆನೋ ಅಳಿಯಂದಿರೇ?" ತಾತ ಏದುಸಿರು ಬಿಡುತ್ತ ಕೇಳಿದರು.

"ಗೆದ್ರಿ ಮಾವ. ಅಲ್ಲೇ ನಿಂತಿರಿ, ಗೋಣಿ ಬಿಟ್ಟು ಇಳೀಬೇಡಿ."

ತಾತ ನಕ್ಕರು. ಅತ್ತು ಅತ್ತು ಒಡೆದ ಆ ಗಂಟಲಿನಿಂದ ಅಷ್ಟು ದೊಡ್ಡ ನಗು ಬಂದದ್ದು ಕಂಡು, ಮರದ ಕೆಳಗಿದ್ದ ಚಿಕ್ಕಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡರು. ನನಗೂ ಕಣ್ಣು ಮಂಜಾಯಿತು. ಚಿಕ್ಕಪ್ಪ ಮಾತ್ರ ತಿರುಗಿ ಹೋಗಿ ಚೆಂಡನ್ನು ಎತ್ತಿಕೊಂಡು, ಷರ್ಟಿಗೆ ಒರೆಸಿ, ಮುಂದಿನವನನ್ನು ಕರೆದರು.